ಬೆಂಕಿಗ್ವಾಡಿ

ಟಾಂಗಾಕೂಟದಿಂದ ಸೈಕಲ್ ತುಳಕೋಂತ ಬಂದ ದಾವಲಸಾಬ,
ಚೀಲದಾಗ ಮೂರು ಸೀಡಿ.
"ಫೈರ್‌ವಾಲ್ ಇಲ್ಲದ ಇಂಟರ್ನೆಟ್ ಹಚ್ಚೀರೇನ್ರಿ ಅಕ್ಕಾರ?
ಚಿಲಕ ಇಲ್ಲದ ಬಚ್ಚಲಾತು ಇದು," ಅಂದ.
ಅಂದು ನಾಲಿಗಿ ಕಚ್ಚಿಕೊಂಡ.

ಒಂದರ ಡಬ್ಬಿ ಮ್ಯಾಲ ಕಿರೀಟ ಹೊತ್ತ ಸಿಂಹ.
ಅದನ್ನ ಹಾಕಿದ ದಿನ ಲಗ್ನಪತ್ರಿಕಿ ಗಣಪತಿ
ಸ್ಕ್ರೀನಿನ ಮ್ಯಾಲ ಮೂಡಾಕ
ಒಂದು ಚಾ ಕುಡಿಯೂವಷ್ಟು ಹೊತ್ತು,
ಸೊಂಡಿ ಮೊದಲು, ಹೊಟ್ಟಿ ಕಡೀಕ.
ಅರ್ಧಾ ರ್‍ಯಾಮ್ ಸಿಂಹನ ತಿಂತಿತ್ತು.
ತೆಗಸಿದೆ.

ಇನ್ನೊಂದು ಮೂವತ್ತು ದಿನ ಪುಕ್ಕಟೆ, ಆಮ್ಯಾಲ ರೊಕ್ಕ.
ಮಾತಿಲ್ಲ, ಕತಿ ಇಲ್ಲ,
ಮೂಲ್ಯಾಗ ಹಸರ ದೀಪ ಹಚ್ಚಿಕೊಂಡು ಕುಂತಿರತೈತಿ.
ಯಾರನ್ನ ಒಳಗ ಬಿಟ್ಟಿತೋ ಯಾರನ್ನ ಹೊರಗ ಹಾಕಿತೋ.
ಕೇಳಿದರ, ನಿನಗ್ಯಾಕ, ನಾ ಅದೇನಲ್ಲ.
ಇಂಥಾ ಗಂಡಸರನ್ನ ನೋಡೀನಿ.
ಅದನ್ನೂ ತೆಗಸಿದೆ.

ಉಳದದ್ದು ಪೂರಾ ಪುಕ್ಕಟೆದ್ದು. ಬಾಯಿಬಡಕ.
"ಇದಕ್ಕ ಯಾರು ರೊಕ್ಕ ಕೊಡತಾರೋ ದಾವಲಸಾಬ?"
"ಅದೊಂದು ಕೇಳಬ್ಯಾಡ್ರಿ."
ಗಡಿಯಾರ ಹೊರಗ ಹೊಂಟೈತಿ, ಬಿಡಲ್ಯಾ?
ಪ್ರಿಂಟರ್ ಯಾರ ಜೋಡಿನೋ ಮಾತಾಡಬೇಕಂತ, ಬಿಡಲ್ಯಾ?
ಗ್ವಾಡಿ ಅಂದ್ರ ಬರೋರನ್ನ ತಡಿಯೂದು ಅಂತ ತಿಳಿದಿದ್ದೆ.
ಇದು ಹೋಗೋರ ಕೊಳ್ಳಪಟ್ಟಿ ಹಿಡದು ಕೇಳತೈತಿ.

ಬೆಂಕಿಗ್ವಾಡಿ ನಮ್ಮ ಬೆಟಗೇರಿ ಮನ್ಯಾಗ ಮೊದಲ ಇತ್ತು.
ಒಲಿಗೂ ಕುಣಿಮಗ್ಗಕ್ಕೂ ನಡುವ
ಅಪ್ಪ ಎತ್ತಿದ ಮಣ್ಣಿನ ಗ್ವಾಡಿ, ಎದಿಮಟ,
ಜ್ವಾಳದ ದಂಟು ಸಿಡದು ಕಿಡಿ
ಹಾಸಿನ ನೂಲಿಗೆ ಹಾರಬಾರದಂತ.
ಆ ಕಡೆ ಮಸಿ, ಈ ಕಡೆ ಸುಣ್ಣ.
ಗ್ವಾಡಿ ಒಣಗೂದರಾಗ ಅವ್ವ
ಕುಡಗೋಲ ತುದೀಲೆ ಅದರಾಗೊಂದು ಕಿಂಡಿ ಕೊರದ್ಲು,
ಚಾದ ವಾಟಗ ಹಿಡಿಸೂವಷ್ಟು.
ಅಪ್ಪ ಬೈದ. ಬೈಕೋಂತನ ಕೈ ಚಾಚಿದ.
ಆ ಕಿಂಡ್ಯಾಗ ಚಾ ಬಂತು, ಶೇಂಗಾ ಬಂತು,
ನನ್ನ ಪರೀಕ್ಷಾ ಫೀಯಿನ ಜಗಳ ಬಂತು.
ಒಮ್ಮಿ ಕಿಡೀನೂ ಬಂತು.
ಬೆರಳಗಲ ಸುಟ್ಟ ಪತ್ತಲ ಯಾರೂ ಕೊಳ್ಳಲಿಲ್ಲ.
ಅವ್ವ ಉಟ್ಲು, ಸುಟ್ಟದ್ದು ನಿರಿಗ್ಯಾಗ ಮುಚ್ಚಿ.

ಮಗ್ಗದ ಕುಣಿ ಮುಚ್ಚಿ ಅದರ ಮ್ಯಾಲನ ಈಗ
ಕಂಪ್ಯೂಟರಿನ ಟೇಬಲ್.

ನಿನ್ನೆ ರಾತ್ರಿ, ಕರೆಂಟು ಹೋಗಿ ಬಂದ ಮ್ಯಾಲ, ಕೇಳಿತು:
ಫೋಟೋ ಚಂದ ಮಾಡೂ ಪ್ರೋಗ್ರಾಂ ಹೊರಗ ಹೊಂಟೈತಿ, ಬಿಡಲ್ಯಾ?
ಏನು ಹೊತಗೊಂಡು ಹೊಂಟೈತಿ, ಅದನ್ನ ಹೇಳಲಿಲ್ಲ.
ನಾನು 'ಲಗ್ನ' ಅನ್ನೂ ಫೋಲ್ಡರ್ ತಗದು ಕುಂತೆ.
ಹನ್ನೊಂದು ವರ್ಷದ ಬೀಗತನ,
ಅಜ್ಜಂದಿರ ಹೆಸರು, ಮೊಬೈಲ್ ನಂಬರು,
ಯಾರ ಓಣಿ, ಯಾರ ಮನಿ, ಯಾರ ತಮ್ಮ ಮಾತು ಬಿಟ್ಟು
ಸುಖಾಗಮನ ಬಯಸುವವರ ಸಾಲಿನಿಂದ ಹೊರಗುಳದ.
ನಡುವ ಕಳಸಾಪುರದ ಅನಸೂಯಾ.

ಛಾಪಾಗಲಿಲ್ಲ ಅದು.
ಮೂರು ದಿನ ಮೊದಲು ಒಬ್ಬಾಕಿನ ಬಂದು
ಬಾಗಲದಾಗ ನಿಂತು ಅಂದಿದ್ಲು:
"ಅಳಿಸಿಬಿಡ್ರಿ ಅಕ್ಕಾ.
ನನ್ನ ಹೆಸರಿನ ಬಾಜು ಅವನ ಹೆಸರು
ಮಷೀನಿನಾಗೂ ಇರಬಾರದು."
ನಾ ಹೂಂ ಅಂದಿದ್ದೆ.
ಅಳಿಸಲಿಲ್ಲ. ಆ ಕಾರ್ಡಿನ ಅಂಚಿನ ಮಲ್ಲಿಗಿ ಬಳ್ಳಿ
ಎರಡು ರಾತ್ರಿ ಕುಂತು ಬಿಡಿಸಿದ್ದೆ.
ಅದ ಬಳ್ಳ್ಯಾಗ ಆಮ್ಯಾಲ
ಎಷ್ಟು ಮಂದಿ ಲಗ್ನ ಮಾಡಿದೆ, ಲೆಕ್ಕ ಇಟ್ಟಿಲ್ಲ.
ಪ್ರತಿ ಸಲ ಆಕಿ ಹೆಸರಿನ ಮ್ಯಾಲ ಇನ್ನೊಬ್ಬಾಕಿ ಹೆಸರು ಬರದು,
ಬ್ಯಾರೆ ಫೈಲ್ ಮಾಡಿ,
ಆಕೀನ ಅಲ್ಲೇ ಬಿಟ್ಟು.

ನನ್ನನ್ನ ತಡಿಯೂ ಸೀಡಿ
ದಾವಲಸಾಬನ ಚೀಲದಾಗ ಇರಲಿಲ್ಲ.

ಫೋಟೋದ ಪ್ರೋಗ್ರಾಮಿಗೆ ಬ್ಯಾಡ ಅಂತ ಒತ್ತಿದೆ.
ಕೆಳಗೊಂದು ಸಣ್ಣ ಚೌಕ:
ಈ ಉತ್ತರ ನೆನಪಿಡಲ್ಯಾ, ಮತ್ತ ಕೇಳೂದು ಬ್ಯಾಡಾ?
ಅದನ್ನ ಖಾಲಿ ಬಿಟ್ಟೆ. ದಿನಾ ಕೇಳಲಿ.
ಆಮ್ಯಾಲ ಬಳ್ಳಿ ಬಿಡಿಸಿ ಬ್ಯಾರೆ ಇಟ್ಟು
ಅನಸೂಯಾನ ಮ್ಯಾಲ ಬಾಣ ತಂದು ನಿಲ್ಲಿಸಿದೆ.
ಮಷೀನು ಕೇಳಿತು: ಖರೇನ ಅಳಿಸಲ್ಯಾ?
ನಾಕು ವರ್ಷ ತಡ ಆತು ಅನ್ನಾಕ
ಅಲ್ಲಿ ಗುಂಡಿ ಇರಲಿಲ್ಲ.
ಹೂಂ, ಒತ್ತಿದೆ.