ಅವ್ವಮ್ಮನ ಮೂಗು

ಶಿರಿಯ ಹೊಳೆ ಕಡಲು ಸೇರುವಲ್ಲಿ
ಸೊಂಟಮಟ್ಟ ಉಪ್ಪುನೀರಲ್ಲಿ ನಿಂತು
ಕಾಲ್ಬೆರಳಲ್ಲೇ ಮರುವಾಯಿ ತಡಕುವ ಅವ್ವಮ್ಮ
ನನ್ನ ಬಾಟಲಿಗಳ ಸಾಲು ನೋಡಿ ನಕ್ಕಳು:
"ನೀರು ಕದಿಯಲಿಕ್ಕೆ ಇಷ್ಟು ಸಣ್ಣ ಬಾಯಿಯದ್ದು ಎಂತಕ್ಕೆ?"

ಇದರಲ್ಲಿ ಪಾಚಿ ಉಂಟು ಅಂದೆ, ಕಣ್ಣಿಗೆ ಕಾಣದ್ದು,
ಒಂದೇ ಒಂದು ಕೋಶ, ಬಿಸಿಲುಂಡು ಬದುಕುವುದು.
ಬೇಕಾದ ಒಂದು ವಿಟಮಿನ್ ಮಾತ್ರ
ಮಾಡಿಕೊಳ್ಳಲು ಬಾರದು ಅದಕ್ಕೆ.
ಮೈಗಂಟಿದ ಬ್ಯಾಕ್ಟೀರಿಯಾಕ್ಕೆ ಬರುತ್ತದೆ.
ಇದು ಸಕ್ಕರೆ ಸೋರಿಸುತ್ತದೆ,
ಅದು ಜಾಡು ಹಿಡಿದು ಈಜಿ ಬರುತ್ತದೆ.
ಕಿವಿ ಇಲ್ಲ, ನಾಲಗೆ ಇಲ್ಲ,
ಮಾತೆಲ್ಲ ನೀರಲ್ಲಿ ಕರಗಿದ್ದು.

"ಹಾಗಾದರೆ ನೆರೆಕರೆ," ಅಂದಳು ಅವ್ವಮ್ಮ,
"ಸಾರು ಕೊಟ್ಟ ಬಟ್ಟಲು
ಬರಿದಾಗಿ ಹಿಂದೆ ಬರುವುದಿಲ್ಲ."

ಎರಡು ವರ್ಷದಿಂದ ಬರೆಯುತ್ತಿದ್ದ ಪ್ರಬಂಧದ
ಮೊದಲ ಅಧ್ಯಾಯ ಅಲ್ಲಿಗೆ ಮುಗಿಯಿತು.

ಎರಡನೆಯದನ್ನು ಹೇಳಲು ಹಿಂಜರಿದೆ.
ಪಾಚಿಗೆ ಪ್ರಾಯವಾದಾಗ
ಗೋಡೆ ಸಡಿಲಿ ಬೇರೇನೋ ಸೋರುತ್ತದೆ.
ಅದೇ ನೆರೆಯವನು ಅದನ್ನೂ ಮೂಸುತ್ತಾನೆ,
ವಿಟಮಿನ್ ಬೇಯಿಸಿದ ಒಲೆಯಲ್ಲೇ
ವಿಷ ಬೇಯಿಸುತ್ತಾನೆ.

ಹೇಳಿಬಿಟ್ಟೆ.
ಅವಳು ಬುಟ್ಟಿ ಅಲುಗಿಸಿ ಕೆಸರು ತೊಳೆದಳು.
"ಸುಣ್ಣದ ಗೂಡಿನ ಪೊಡಿಯಬ್ಬ
ಇಪ್ಪತ್ತು ವರ್ಷ ನನ್ನ ಚಿಪ್ಪಿಗೆ ಅಕ್ಕಿ ಅಳೆದ.
ನನ್ನ ಕಾಲು ಮರಗಟ್ಟಿದ ಮಳೆಗಾಲ
ಲೆಕ್ಕದ ಪುಸ್ತಕ ತೆಗೆದ."
ಬೈಗುಳದ ದನಿ ಇರಲಿಲ್ಲ ಅದರಲ್ಲಿ,
ಉಬ್ಬರ ಇಳಿತದ ಹೊತ್ತು ಹೇಳುವ ಹಾಗೆ ಹೇಳಿದಳು.

ಆಮೇಲೆ ಮುಖ ಎತ್ತಿ ಗಾಳಿಗೆ ಮೂಗು ಕೊಟ್ಟು:
"ನಾಳೆ ಬೇಡ. ನೀರಿಗೆ ಹಳತಾದ ವಾಸನೆ."

ನನಗೆ ಬಂದದ್ದು ಬರೀ ಕಡಲಿನ ವಾಸನೆ.
ಕಡಲಿನ ವಾಸನೆ ಅನ್ನುವುದೇ
ಒಡೆದ ಪಾಚಿಯೊಳಗಿನದ್ದನ್ನು ಬ್ಯಾಕ್ಟೀರಿಯಾ ಮುರಿದು
ಗಾಳಿಗೆ ಬಿಟ್ಟ ಗಂಧಕ ಎಂದು
ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು.

ದಾಖಲೆಯ ಹಾಳೆಯಲ್ಲಿ ಮೂರೇ ಚೌಕ:
ಉಷ್ಣತೆ, ಉಪ್ಪು, ಬಣ್ಣ.
ಮಲಯಾಳದಲ್ಲಿ ಅಚ್ಚಾದ ಆ ಹಾಳೆಯ ಅಂಚಿಗೆ
ಕನ್ನಡದಲ್ಲಿ ಗೀಚಿದೆ:
ಅವ್ವಮ್ಮ ಹೇಳಿದ್ದು, ನಾಳೆ ಬೇಡ.

ಮೂರನೆಯ ದಿನ, ಕಾಸರಗೋಡಿನ ಟ್ಯೂಬ್‌ಲೈಟಿನ ಕೋಣೆಯಲ್ಲಿ
ಏಳನೇ ಬಾಟಲಿಯ ಹಸಿರು ಬಿಳಿಚಿ
ಅಡಿಗೆ ಕುಳಿತಿತ್ತು.
ಮೇಲೆ ನೀರು ತಿಳಿ,
ಕುಡಿಯಬಹುದು ಅನಿಸುವಷ್ಟು.