ಸವೆದಷ್ಟೇ

ಅತ್ಬಸಾರಿನ ವ್ಯಾಗನ್ ಡಿಪೋ, ಮೂರನೇ ಶೆಡ್ಡು.
ಹೊರಗೆ ಮೈನಸ್ ಮೂವತ್ತೊಂದು.
ಒಳಗೆ ತೊಟ್ಟಿಯ ಹಸಿರು ನೀರು ಹೊಗೆಯಾಡುತ್ತದೆ.
ಕುಲ್ಯಾಶ್ ಮೂಗಿಗೆ ಬಟ್ಟೆ ಕಟ್ಟಿ
ಬೇರಿಂಗಿನ ಬಳೆಯೊಂದನ್ನು ಬೆಳಕಿಗೆ ಹಿಡಿಯುತ್ತಾಳೆ.

ಕಣ್ಣಿಗೆ ಏನೂ ಆಗಿಲ್ಲ.
ಗೇಜಿನ ಮುಳ್ಳು ಹೇಳುತ್ತದೆ: ನಲವತ್ತು ಮೈಕ್ರಾನ್.
ಅರ್ಧ ಕೂದಲೆಳೆ.
ಅಷ್ಟು ಸವೆದದ್ದಕ್ಕೇ
ಅಚ್ಚಿನ ಮೇಲೆ ಬಿಗಿಯಾಗಿ ಕೂರಬೇಕಾದ್ದು
ಜಾರುತ್ತದೆ, ತಿರುಗುತ್ತದೆ, ಕಾಯುತ್ತದೆ,
ಅರವತ್ತು ಟನ್ ಕಲ್ಲಿದ್ದಲು
ಬಟಾಬಯಲಿನ ನಡುವೆ ಮಗ್ಗುಲಾಗುತ್ತದೆ.

"ಹೊಸದು ತರಿಸಿದರಾಯ್ತು" ಅಂದಿದ್ದೆ, ಮೊದಲ ದಿನ.
"ತರಿಸು, ನಿನ್ನ ದುಡ್ಡಲ್ಲಿ."

ಉರುಳೆಗಳು ಓಡುವ ಹಾದಿಗೆ ಮೇಣ ಬಳಿಯಬೇಕು,
ಅಲ್ಲಿ ಏನೂ ಹತ್ತಕೂಡದು.
ಆಮ್ಲದಲ್ಲಿ ಇಪ್ಪತ್ತು ಎಣಿಸುವ ತನಕ
(ಅವಳು ಎಣಿಸುವುದು ಕಜಾಕಿನಲ್ಲಿ, ಬೈಯುವುದು ರಷ್ಯನ್ನಿನಲ್ಲಿ)
ಆಮೇಲೆ ತಂತಿಗೆ ತೂಗುಹಾಕಿ ಇಳಿಬಿಟ್ಟು ಕರೆಂಟು.
ಎದುರಿನ ಕಬ್ಬಿಣದ ಪಟ್ಟಿ
ತನ್ನನ್ನು ತಾನೇ ಕರಗಿಸಿಕೊಂಡು
ಇದರ ಮೈಗೆ ಬಂದು ಕೂರುತ್ತದೆ.
ಕಲಾಯಿಯಲ್ಲ, ಹೊಳಪಿಗಲ್ಲ.
ಬೂದಿ ಬಣ್ಣದ ಮಂಕು ತೊಗಲು.
ಸವೆದಷ್ಟೇ ಕೊಡಬೇಕು,
ಅರದ ಪಾಲಿಗೆ ಒಂದಿಷ್ಟು ಮೇಲೆ.

"ಮುಗೀತಲ್ಲ, ಅಪಾ?"
"ಮುಗೀಲಿಲ್ಲ. ಇದು ನೀರಲ್ಲಿ ಗಾಳಿ ಕುಡಿದಿದೆ.
ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನಿರುತ್ತದೆ.
ಬಡಿದರೆ ಗಂಟೆಯ ಹಾಗೆ ನುಡಿಯುತ್ತದೆ, ಗೇಜೂ ಒಪ್ಪುತ್ತದೆ.
ಒಂದು ದಿನ, ಭಾರ ಬಿದ್ದಾಗ, ಚಳಿಯಲ್ಲಿ,
ಗಾಜು."
ಅದಕ್ಕೇ ಒಲೆ. ನೂರತೊಂಬತ್ತು ಡಿಗ್ರಿ, ಮೂರು ಗಂಟೆ.

ತೊಂಬತ್ತೈದರ ಜನವರಿಯಲ್ಲಿ ಕರೆಂಟು ಹೋಗಿತ್ತಂತೆ.
ಸಂಬಳವೂ ಇಲ್ಲ. ಒಂದು ತಿಂಗಳು ಹಿಟ್ಟು ಕೊಟ್ಟರು,
ಇನ್ನೊಂದು ತಿಂಗಳು ರಬ್ಬರ್ ಬೂಟು, ಎರಡೂ ಎಡಗಾಲಿನವು.
ಮೇಸ್ತ್ರಿ ಗೆರ್ಲಾಖ್ ಕಾಗದ ಹಿಡಿದು ನಿಂತಿದ್ದ,
ಗಾಡಿ ಬೆಳಿಗ್ಗೆಯೇ ಹೊರಡಬೇಕಿತ್ತು.
ನಾಲ್ಕು ಬಳೆ ಒಲೆ ಕಾಣದೆ ಹೋದವು.
ಸಹಿ ಅವಳದೇ.

ಮುರಿದ ಸುದ್ದಿ ಬರಲಿಲ್ಲ.
ಮುರಿಯಲಿಲ್ಲ ಅಂತ ಯಾರು ಬರೆದು ತಿಳಿಸುತ್ತಾರೆ?

ಊಟದ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ನಿಂತು
ಚಹಾ ಆರಿಹೋಗುತ್ತಿದ್ದರೂ
ಹಾದುಹೋಗುವ ಗೂಡ್ಸಿನ ನಂಬರು ಓದುತ್ತಾಳೆ,
ಕೊನೆಯ ಡಬ್ಬಿಯವರೆಗೂ, ತುಟಿ ಅಲುಗಿಸುತ್ತ.
ಅವೆಲ್ಲ ಎಂದೋ ಗುಜರಿಗೆ ಹೋಗಿರುತ್ತವೆ, ಅಪಾ, ಅಂದೆ.
"ಹೋಗಿರುತ್ತವೆ" ಅಂದಳು.
ಆಮೇಲೆ, ಹಳಿಯಿಂದ ಕಣ್ಣು ಕೀಳದೆ:
"ನೀನು ಒಳಗೆ ಹೋಗು, ಒಲೆ ನೋಡು.
ಬಾಗಿಲು ತೆಗೆಯಬೇಡ."