ಎರಡನೇ ಸಾಲು, ಮೂರನೇ ಕುರ್ಚಿ

ಈ ಊರ ಹೆಸರು ಹಲ್.
ಫೋನಿನಲ್ಲಿ ಅಕ್ಕ ಇನ್ನೂ ‘ಹಲ್ಲು’ ಅನ್ನುತ್ತಾಳೆ.
ತಿದ್ದುವುದಿಲ್ಲ ನಾನು. ಜನವರಿಯಲ್ಲಿ ಹಂಬರ್ ನದಿಯ ಗಾಳಿ
ಕೋಟಿನ ಗುಂಡಿ ಎಣಿಸುತ್ತ ಒಳಗೆ ಬಂದಾಗ
ಅದೇ ಸರಿಯಾದ ಉಚ್ಚಾರ.

ಲೈಬ್ರರಿಯ ಕೌಂಟರಿನಲ್ಲಿ ನನ್ನ ಕೆಲಸ.
ಸೆಲ್ವಿನ್ ಬ್ಲಾಂಚರ್ಡ್‌ನನ್ನು ಮೊದಲು ಕಂಡದ್ದು ಅಲ್ಲೇ.
ಹೀಟರಿನ ಪಕ್ಕ ಕೂತು, ಬೆರಳಿಟ್ಟು ಓದುವವನು.
ಕಾರ್ಡು ಕೇಳಿದ. ಫಾರಂ ಕೊಟ್ಟೆ.
ಹೆಸರು, ಬರೆದ. ಹುಟ್ಟಿದ ದಿನ, ಬರೆದ.
ವಿಳಾಸದ ಎದುರು ಪೆನ್ನು ನಿಂತಿತು,
ಕೊನೆಯ ಬಸ್ಸು ತಪ್ಪಿದವರ ಹಾಗೆ.
‘ಅದಿಲ್ಲದೆ ಆಗುವುದಿಲ್ಲ’ ಅಂದೆ.
ಮೆತ್ತಗೆ ಅಂದೆ. ಮೆತ್ತಗೆ ಅಂದದ್ದಕ್ಕೆ
ಆ ರಾತ್ರಿ ನನ್ನ ಮಟ್ಟಿಗೆ ನಾನು ಒಳ್ಳೆಯವಳೂ ಆದೆ.

ಮಂಗಳವಾರ ಸಂಜೆ, ಹಡಗಿನವರ ಹಳೆಯ ಮಿಷನ್ ಹಾಲಿನಲ್ಲಿ
ಕೋರಸ್ಸು. ಯಾರು ಬೇಕಾದರೂ ಬರಬಹುದು.
ಮೊದಲು ಸೂಪು, ಆಮೇಲೆ ಸ್ವರ,
ನಡುವೆ ಒದ್ದೆ ಕಾಲುಚೀಲಗಳಿಗೆ ರೇಡಿಯೇಟರಿನ ಮೇಲೆ ಜಾಗ.
ರಿಜಿಸ್ಟರಿನಲ್ಲಿ ಹೆಸರು ಒಂದೇ ಕಾಲಂ.
ನಾನು ಹೋದದ್ದು ಸೇವೆಗಲ್ಲ, ಸುಳ್ಳು ಯಾಕೆ.
ಹೈಸ್ಕೂಲಿನ ಪ್ರಾರ್ಥನೆಯಲ್ಲಿ ಟೀಚರು
‘ನೀನು ತುಟಿ ಆಡಿಸು, ಸಾಕು’ ಅಂದಿದ್ದರು.
ಮೂವತ್ತೊಂದು ವರ್ಷ ಆಡಿಸಿದ್ದೆ.

ನನ್ನ ಹಿಂದಿನ ಸಾಲಿನಲ್ಲಿ, ಮೂರನೇ ಕುರ್ಚಿಯಲ್ಲಿ, ಅವನು.
ಗುರುತು ಹಿಡಿದ.
‘ಇಲ್ಲಿ ಫಾರಂ ಇಲ್ಲ ಮೇಡಂ, ಹೆದರಬೇಡಿ.’
ದನಿಯೋ, ತುಂಬಿದ ಕಡಾಯಿಯನ್ನು ನೆಲದ ಮೇಲೆ ಎಳೆದ ಹಾಗೆ.
ಕಿವಿಗಿಂತ ಮೊದಲು ಬೆನ್ನಿಗೆ ತಾಗುತ್ತಿತ್ತು.

ಹಾಡಿಸುವವಳು ಬೆರಿಲ್ ಪ್ರೂಡಮ್;
ಹಗಲು ಮೀನಿನ ಫ್ಯಾಕ್ಟರಿ, ಸಂಜೆ ನಾವು.
ಕಲಿಸಿದ್ದು ಒಂದೇ ವಿದ್ಯೆ:
ಉದ್ದದ ಸ್ವರಕ್ಕೆ ಎಲ್ಲರೂ ಒಟ್ಟಿಗೆ ಉಸಿರೆಳೆಯಬೇಡಿ.
ಪಕ್ಕದವರು ಹಿಡಿದಿರುವಾಗ ನೀವು ಬಿಡಿ,
ಅವರು ಬಿಟ್ಟಾಗ ನೀವು ಹಿಡಿಯಿರಿ.
ಕೇಳುವವರಿಗೆ ಎಲ್ಲೂ ಬಿರುಕು ಸಿಗಬಾರದು.

ಫೆಬ್ರವರಿಯಲ್ಲಿ ಎರಡು ವಾರ ಆ ಕುರ್ಚಿ ಖಾಲಿ.
ಹಾಡಿದೆವು. ಸ್ವರ ತುಂಡಾಗಲಿಲ್ಲ.
ಎಲ್ಲೂ ಬಿರುಕಿಲ್ಲ.
ಆಗ ಭಯವಾಯಿತು ನನಗೆ:
ಒಬ್ಬ ಇಲ್ಲದ್ದು ಕೇಳಿಸದ ಹಾಗೆ ಹಾಡಲು
ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೇವೆ.
ಈ ಊರೂ ಕಲಿತಿದೆ. ಅಂಗಡಿ ಮೆಟ್ಟಿಲ ಮೇಲಿನ ಹಾಸಿಗೆ
ಬೆಳಗಾಗುವುದರೊಳಗೆ ಇರುವುದಿಲ್ಲ, ಮೆಟ್ಟಿಲು ತೊಳೆದಿರುತ್ತದೆ,
ಜನ ಕಾಫಿ ಹಿಡಿದು ಹತ್ತುತ್ತಾರೆ.

ಬೆರಿಲ್ ಕೈ ಇಳಿಸಿದಳು. ‘ಅಲ್ಲ’ ಅಂದಳು.
‘ಅವನ ಸ್ವರ ಇರಬೇಕಾದಲ್ಲಿ ಯಾರೂ ತುಂಬಬೇಡಿ.’
ಮತ್ತೆ ಹಾಡಿದೆವು.
ಹಲ್ಲು ಉದುರಿದ ಬಾಯಿಯ ಗಾಳಿಯಂತೆ
ನಾಲ್ಕು ಕಡೆ ಪುಸ್ಸೆಂದಿತು ಹಾಡು.
ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಮೂರನೇ ವಾರ ಬಂದ, ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ.
‘ನ್ಯುಮೋನಿಯಾ. ಊಟ ಪರವಾಗಿರಲಿಲ್ಲ’ ಅಂದ.
ಕೆಮ್ಮುತ್ತ ಕೂತು, ಅಂದು ಬರೇ ತುಟಿ ಆಡಿಸಿದ.
ಅವನ ಸಾಲನ್ನು ನಾನೇ ಹಾಡಿದೆ,
ಒಂದು ಸ್ಥಾಯಿ ಮೇಲೆ, ತಪ್ಪು ತಪ್ಪಾಗಿ, ಗಟ್ಟಿಯಾಗಿ.

ಬುಧವಾರ ಕೌಂಟರಿಗೆ ಬಂದ. ಅದೇ ಫಾರಂ.
ವಿಳಾಸ ಎಂಬಲ್ಲಿ ಬರೆದ, ಒತ್ತಿ ಒತ್ತಿ:
ಎರಡನೇ ಸಾಲು, ಮೂರನೇ ಕುರ್ಚಿ.
ಹಾಗೇ ಟೈಪು ಮಾಡಿದೆ. ಹಾಲಿನ ಬೀದಿಯ ಪಿನ್‌ಕೋಡು ಸೇರಿಸಿದೆ.
ಕಂಪ್ಯೂಟರು ಏನೂ ಅನ್ನಲಿಲ್ಲ.
ಅದು ಮೊದಲೂ ಅಂದಿರಲಿಲ್ಲ, ಅಂದದ್ದು ನಾನು.

ಪಾರಿವಾಳ ಸಾಕುವುದರ ಬಗ್ಗೆ ಒಂದು ಪುಸ್ತಕ ಒಯ್ದ.
ನಾಲ್ಕು ದಿನ ತಡವಾಗಿ ತಂದ, ರಟ್ಟಿನ ಮೇಲೆ ಸೂಪಿನ ಕಲೆ.
ದಂಡ ಹಾಕಿದೆ, ಮನೆಯಿರುವ ಎಲ್ಲರಿಗೂ ಹಾಕುವಷ್ಟೇ.
ಚಿಲ್ಲರೆ ಎಣಿಸಿ ಕೊಟ್ಟ.
ರಸೀದಿ ಕೇಳಿದ.